ಬೀಸುಕಲ್ಲಿನ ಮೇಲೆ ನಡೆದವರು

ಮೊನ್ನೆ ಬೀದರದ ನೌಬಾದದ ನಮ್ಮ ಓಣಿಯಲ್ಲಿ ಹುಡುಗರು ಪತಂಗ ಮಾಡುತ್ತ ಕೂತಿದ್ದರು. ಅಂಗಡಿಯ ಗೋಂದು ತೀರಿತ್ತೋ ಏನೋ, ಯಾರದೋ ತಾಯಿ ಗೋಧಿಹಿಟ್ಟಿನ ಅಂಟು ಕುದಿಸಿ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಕಲಸಿ ಕೊಟ್ಟಿದ್ದಳು. ಅರ್ಧ ರೊಟ್ಟಿಯದು, ಅರ್ಧ ಔಷಧಿಯದು ಎನ್ನುವಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಯಿಪಲ್ಲೆಯ ಚೀಲ ಹಿಡಿದುಕೊಂಡೇ ನಾನು ನಡುಬೀದಿಯಲ್ಲಿ ನಿಂತುಬಿಟ್ಟೆ. "ಏನ್ ಬೇಕ್ರಿ ಅಮ್ಮಾ?" ಎಂದು ಒಬ್ಬ ಹುಡುಗ ಕೇಳಿದ. ಏನು ಹೇಳಲಿ? ಆ ಅಂಟಿಗೆ ನಮ್ಮ ಚಾಂದ ಖಾಲಾ 'ಲೇಈ' ಎನ್ನುತ್ತಿದ್ದಳು. ಭಾಲ್ಕಿಯ ನಮ್ಮ ಮನೆಯಲ್ಲಿ ಒಂದು ಇಡೀ ಮಳೆಗಾಲ ಅದೇ ವಾಸನೆ ತುಂಬಿತ್ತು. ನಮ್ಮೆಲ್ಲರ ಬೆರಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಹೊರಗೆ ಏನೇನೋ ನಡೆಯುತ್ತಿದ್ದ ಆ ದಿನಗಳಲ್ಲಿ, ನಿಜ ಹೇಳುತ್ತೇನೆ, ನಾನು ನನ್ನ ಬಾಳಿನಲ್ಲಿಯೇ ಎಲ್ಲಕ್ಕಿಂತ ಹೆಚ್ಚು ಕುಣಿದಾಡಿದ್ದೇನೆ.

ನಿಮಗೂ ಅಂಥ ಒಂದು ಮನೆ ಇದ್ದಿರಬಹುದು. ಈಗ ಇಲ್ಲದ್ದು, ಕಣ್ಣು ಮುಚ್ಚಿದರೆ ಮಾತ್ರ ಬಾಗಿಲು ತೆರೆಯುವಂಥದ್ದು. ನಮ್ಮದು ಕರಿಕಲ್ಲಿನ ಅಂಗಳದ ಮನೆ. ಅಂಗಳ ದಾಟಿದರೆ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ಅಜ್ಜಿಯ ಬೀಸುಕಲ್ಲು, ಅದರ ಹಿಂದೆ ಕಿಟಕಿಯೇ ಇಲ್ಲದ ಕಾಳಿನ ಕೋಣೆ. ಅಂಗಳದ ಎಡಗೋಡೆಯಲ್ಲಿ ಒಂದು ಗಿಡ್ಡ ಬಾಗಿಲಿತ್ತು. ಬಗ್ಗಿ ದಾಟಿದರೆ ಚಾಂದ ಖಾಲಾನ ಮನೆ. ಅವಳ ಗಂಡ ಉರ್ದು ಸಾಲೆಯ ಮಾಸ್ತರ. ಅವರಿಗೆ ನಾವೆಲ್ಲ ಮಾಸ್ತರ ಚಾಚಾ ಎನ್ನುತ್ತಿದ್ದೆವು. ಅವರ ಒಬ್ಬಳೇ ಮಗಳು ಮುನ್ನಿ ನನಗಿಂತ ಮೂರು ವರ್ಷ ಚಿಕ್ಕವಳು. ನಮ್ಮ ಕಡೆ ಅಜ್ಜಿ, ಅವ್ವ, ನಾನು, ಇನ್ನೂ ಮಾತು ಕಲಿಯುತ್ತಿದ್ದ ನನ್ನ ತಮ್ಮ ಬಸು ಮತ್ತು ಅಪ್ಪನ ತಮ್ಮ ಶಿವಪ್ಪ ಕಾಕಾ. ಅಪ್ಪ ಮನೆಯಲ್ಲಿರಲಿಲ್ಲ. ನಿಜಾಮನ ಆಳಿಕೆ ಹೋಗಬೇಕೆಂದು ಹೊರಟವರ ಜೊತೆ ಸೇರಿ, ಗಡಿಯಾಚೆ ಸೊಲ್ಲಾಪುರದ ಕಡೆಯ ಯಾವುದೋ ಕ್ಯಾಂಪಿಗೆ ಚಳಿಗಾಲದಲ್ಲೇ ಹೋಗಿದ್ದ. ಕಾಕಾನಿಗೂ ಹೋಗುವ ಆಸೆಯಿತ್ತು. ಆದರೆ ಅವನಿಗೆ ದಮ್ಮು. ನಾಲ್ಕು ಮಾರು ಓಡಿದರೆ ಎದೆ ಸಿಳ್ಳೆ ಹೊಡೆಯುತ್ತಿತ್ತು. ಹೈದರಾಬಾದದ ಓದು ಗದ್ದಲದಲ್ಲಿ ಅರ್ಧಕ್ಕೇ ನಿಂತು ಅವನೂ ಮನೆ ಸೇರಿದ್ದ. ಸಾಲೆಗಳು ಮುಚ್ಚಿದ್ದವು, ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಭಯಕ್ಕೆ ಮಕ್ಕಳನ್ನು ಬೀದಿಗೆ ಬಿಡುತ್ತಿರಲಿಲ್ಲ. ಎರಡು ಮನೆಯ ಮೂರು ಮಕ್ಕಳು ದಿನವಿಡೀ ಅವನ ಕೊರಳಿಗೆ ಬಿದ್ದೆವು.

ಕಾಕಾನಿಗೆ ಚಿತ್ರದ ಹುಚ್ಚು. ಬೀದರದಲ್ಲಿ ಓದುವಾಗ ಅಷ್ಟೂರಿಗೆ ನಡೆದುಹೋಗಿ ಸುಲ್ತಾನರ ಗೋರಿಗಳ ಗುಂಬಜಗಳ ಒಳಗಿನ ಬಣ್ಣದ ಬಳ್ಳಿಗಳನ್ನು ನೋಡುತ್ತ ಅಂಗಾತ ಮಲಗಿರುತ್ತಿದ್ದನಂತೆ. ಮೊದಲು ಅವನು ಮಾಡಿಕೊಟ್ಟದ್ದು ಒಂದು ರಟ್ಟಿನ ಬಿಲ್ಲೆ. ಒಂದು ಬದಿಗೆ ಬೋಳುತಲೆಯ ಮುದುಕ, ಇನ್ನೊಂದು ಬದಿಗೆ ಬರಿಯ ಒಂದು ರುಮಾಲು. ಎರಡೂ ಅಂಚಿಗೆ ದಾರ ಕಟ್ಟಿ ಹೊಸೆದು ಬಿಟ್ಟರೆ ಬಿಲ್ಲೆ ಗರಗರ ತಿರುಗುವುದು, ಅಗೋ, ರುಮಾಲು ಹೋಗಿ ಮುದುಕನ ತಲೆಯ ಮೇಲೆ ಕೂತುಬಿಡುವುದು! ನಿಲ್ಲಿಸಿದರೆ ಮತ್ತೆ ಬೋಳು. ಬಸು ಬಿದ್ದು ಬಿದ್ದು ನಕ್ಕ. ಆಮೇಲೆ ಮಾಸ್ತರ ಚಾಚಾ ಕೊಟ್ಟ ಹಳೆಯ ಖಾಲಿ ಕಾಪಿಯ ಮೂಲೆ ಮೂಲೆಗೆ ಕಾಕಾ ಒಂದು ಕಪ್ಪೆಯನ್ನು ಬರೆದ. ಪ್ರತಿ ಹಾಳೆಯಲ್ಲೂ ಅದು ಎಳ್ಳಷ್ಟು ಮುಂದೆ. ಹಾಳೆಗಳನ್ನು ಹೆಬ್ಬೆರಳಿನಿಂದ ಫರ್ರನೆ ಬಿಟ್ಟರೆ ಕಪ್ಪೆ ದಂಡೆಯಿಂದ ಹಾರಿ ಬಾವಿಗೆ ಬೀಳುತ್ತಿತ್ತು. ಆದರೆ ಉರ್ದು ಕಲಿಯುತ್ತಿದ್ದ ಮುನ್ನಿ ಪುಸ್ತಕವನ್ನು ಬಲಗಡೆಯಿಂದ ತೆರೆಯುವವಳು. ನನ್ನ ಕೈಯಲ್ಲಿ ಬಾವಿಗೆ ಬಿದ್ದ ಕಪ್ಪೆ ಅವಳ ಕೈಯಲ್ಲಿ ಬಾವಿಯಿಂದ ಹಿಂದುಮುಂದಾಗಿ ಎದ್ದು ಬಂದು ದಂಡೆಯ ಮೇಲೆ ಕೂಡುತ್ತಿತ್ತು! ಕಪ್ಪೆ ಬಿತ್ತೋ ಬದುಕಿತೋ ಎಂದು ಇಬ್ಬರೂ ಜುಟ್ಟು ಹಿಡಿದು ಜಗಳಾಡಿದೆವು. ಚಾಚಾ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಕೇಳಿದವರು, "ಇಬ್ರದೂ ಖರೇ ಅದ. ಕಪ್ಪಿಗಿ ಬೀಳ್ಲಾಕೂ ಬರ್ತದ, ಏಳ್ಲಾಕೂ ಬರ್ತದ" ಎಂದು ತೀರ್ಪು ಕೊಟ್ಟು ಹೋದರು.

ಆಟದ ಗಾಳಿ ಖಾಲಾನಿಗೂ ತಗುಲಿತು. ಕತ್ತರಿಯಿಂದ ಕಾಗದ ಕೊರೆಯುವುದರಲ್ಲಿ ಅವಳ ಕೈ ಬಲು ಚಲೋ. ಅವಳು ತೆಳುಕಾಗದದ ಒಂದು ದೊಡ್ಡ ಕಂದೀಲು ಮಾಡಿ, ಅದರೊಳಗೆ ಇನ್ನೊಂದು ಕಾಗದದ ಗೂಡು ತೂಗುಬಿಟ್ಟಳು. ಒಳಗೂಡಿಗೆ ಆನೆ, ಒಂಟೆ, ಕುದುರೆಗಳನ್ನು ಕತ್ತರಿಸಿ ಅಂಟಿಸಿ, ಅದರ ನೆತ್ತಿಗೆ ಕಾಗದದ ರೆಕ್ಕೆ ಇಟ್ಟಳು. ಹಾಡೇ ಹಗಲಲ್ಲಿ ಎಲ್ಲರೂ ಕಾಳಿನ ಕೋಣೆ ಹೊಕ್ಕು ಕದ ಹಾಕಿಕೊಂಡೆವು. ಜೋಳದ ಚೀಲಗಳ ನಡುವೆ ಆ ಕಂದೀಲು. ಒಳಗೆ ದೀಪ ಹಚ್ಚಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ದೀಪದ ಬಿಸಿ ರೆಕ್ಕೆಗೆ ಹತ್ತಿ, ಗೂಡು ತನ್ನಷ್ಟಕ್ಕೆ ತಾನೇ ಮೆಲ್ಲಗೆ ತಿರುಗತೊಡಗಿತು. ಆನೆ ಹೊರಟಿತು, ಒಂಟೆ ಹೊರಟಿತು, ಕುದುರೆ ಹೊರಟಿತು; ಅವುಗಳ ನೆರಳು ಗೋಡೆಯ ಮೇಲೆ, ಚೀಲಗಳ ಮೇಲೆ, ಅಜ್ಜಿಯ ಹಣೆಯ ವಿಭೂತಿಯ ಮೇಲೆ ಹಾದುಹೋದವು. "ಇದಕ್ಕ ಫಾನೂಸ್ ಅಂತೀವಿ" ಎಂದಳು ಖಾಲಾ. ನಾನೂ ಮುನ್ನಿಯೂ ಕೈ ಕೈ ಹಿಡಿದು ಕಿರುಚಿದೆವು. ಬಸು ಮಾತ್ರ ಬಹಳ ಹೊತ್ತು ನೋಡಿ, ಮುಖ ಸಣ್ಣ ಮಾಡಿ, "ಆನಿ ಕಾಲ ಎತ್ತವಲ್ದು" ಎಂದ.

ಆ ಮಾತು ಕಾಕಾನಿಗೆ ನಾಟಿತು. ಹೌದಲ್ಲ! ಆನೆ ಊರೆಲ್ಲ ಸುತ್ತುತ್ತದೆ, ಕಾಲು ಎತ್ತುವುದಿಲ್ಲ. ಕಪ್ಪೆ ಕಾಲು ಎತ್ತುತ್ತದೆ, ಒಂದು ಸಲ ಹಾರಿದರೆ ಮುಗಿಯಿತು. ಹೈದರಾಬಾದದ ಒಂದು ದುಕಾನಿನಲ್ಲಿ ಅವನು ವಿಲಾಯಿತಿ ಆಟಿಕೆಯೊಂದನ್ನು ಗಾಜಿನಾಚೆಯಿಂದ ನೋಡಿದ್ದನಂತೆ: ತಿರುಗುವ ಒಂದು ಡಬ್ಬಿ, ಅದಕ್ಕೆ ಸೀಳುಗಳು. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಮರುದಿನ ಅಜ್ಜಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಹರಿದ ಸಾಣಿಗೆಯ ಬಳೆಯನ್ನು, ಅಂದರೆ ಅದರ ದುಂಡು ಕಟ್ಟನ್ನು, ಹುಡುಕಿ ತೆಗೆದ. ಅದರ ಸುತ್ತ ರಟ್ಟಿನ ಗೋಡೆ ಕಟ್ಟಿ, ಗೋಡೆಯ ಮೇಲರ್ಧದಲ್ಲಿ ಸಾಲಾಗಿ ಸೀಳು ಕೊಯ್ದ. ಒಳಗಡೆ, ಸೀಳುಗಳ ಕೆಳಗೆ, ಕಾಗದದ ಉದ್ದ ಪಟ್ಟಿಯ ಮೇಲೆ ಒಂದು ಕುರಿಮರಿಯನ್ನು ಸಾಲಾಗಿ ಬರೆದು ಸುತ್ತಿದ. ಇದನ್ನು ತಿರುಗಿಸುವುದು ಹೇಗೆ? ಅಜ್ಜಿಯೇ ಬೀಸುಕಲ್ಲಿನ ಕಡೆ ಬೊಟ್ಟು ಮಾಡಿ, "ತಿರುಗೂದಕ್ಕ ಇದಕ್ಕಿಂತ ಬೇರೆ ಏನ್ ಬೇಕೋ ನಿನಗ?" ಎಂದಳು. ಬಳೆಯನ್ನು ಕಲ್ಲಿನ ಮೇಲೆ ಇಟ್ಟು ನಾನು ಗೂಟ ಹಿಡಿದು ತಿರುಗಿಸಿದೆ. ಏನೂ ಕಾಣಲಿಲ್ಲ, ಮಜ್ಜಿಗೆ ಕಡೆದಂತೆ ಎಲ್ಲ ಕಲಸಿಹೋಯಿತು. ಸೀಳು ಅಗಲವಾದವೆಂದು ಹೊಸ ಗೋಡೆ ಮಾಡಿ ಸಣ್ಣದಾಗಿ ಕೊಯ್ದ. ಸ್ವಲ್ಪ ಕಂಡಂತಾಗಿ ಮತ್ತೆ ಮಸುಕಾಯಿತು. ಆಗ ಅವ್ವ ಒಲೆಯ ಹತ್ತಿರದಿಂದಲೇ, "ಹೊರಗಿನ ಬೆಳಕು ಕಣ್ಣಿಗೆ ಹೊಡೀತದೇನೋ, ಮಸಿ ಬಳದು ನೋಡ್ರಿ" ಎಂದಳು. ಹಂಚಿನ ಮಸಿಯನ್ನು ಲೇಈಯಲ್ಲಿ ಕಲಸಿ ಗೋಡೆಯ ಹೊರಮೈಗೆ ಬಳಿದೆವು. ಒಣಗುವ ತನಕ ಯಾರಿಗೂ ತಾಳ್ಮೆ ಇಲ್ಲ. ಮುನ್ನಿ ಊದಿ ಊದಿ ತಲೆ ತಿರುಗಿ ಕೂತಳು. ಆಮೇಲೆ ನಾನು ಕಲ್ಲು ತಿರುಗಿಸಿದೆ, ಕಾಕಾ ನೆಲಕ್ಕೆ ಗಲ್ಲ ಹಚ್ಚಿ ಸೀಳಿನಲ್ಲಿ ಕಣ್ಣಿಟ್ಟ. ಬರಿಯ ಕೈ ಎತ್ತಿ, ಇನ್ನೂ ಜೋರು, ಇನ್ನೂ ಜೋರು ಎಂದು ಸನ್ನೆ ಮಾಡಿದ. ಆಮೇಲೆ ಒಮ್ಮೆಲೇ, "ಜಿಗೀಲತದ! ಯವ್ವಾ, ಮರಿ ಜಿಗೀಲತದ!" ಎಂದು ಕೂಗಿದ ಕೂಗಿಗೆ ಖಾಲಾ ಹಿಟ್ಟಿನ ಕೈಯಲ್ಲೇ ಗೋಡೆಯ ಬಾಗಿಲು ದಾಟಿ ಓಡಿಬಂದಳು. ಒಬ್ಬರಾದ ಮೇಲೆ ಒಬ್ಬರು ನೆಲಕ್ಕೆ ಬಿದ್ದು ನೋಡಿದೆವು. ಕುರಿಮರಿ ನಾಲ್ಕೂ ಕಾಲು ಮಡಚಿ ನೆಗೆಯುತ್ತಿತ್ತು, ನೆಲ ಮುಟ್ಟುತ್ತಿತ್ತು, ಮತ್ತೆ ನೆಗೆಯುತ್ತಿತ್ತು, ದಣಿವೇ ಇಲ್ಲ! ಗೋಡೆಯ ಮೇಲಿನಿಂದ ಇಣುಕಿದರೆ ಬರಿಯ ಕಲಸು, ಸೀಳಿನಲ್ಲಿ ನೋಡಿದರೆ ಜೀವ. ಹೇಗೆ ಎಂದು ಕೇಳಿದ್ದಕ್ಕೆ ಕಾಕಾ ದಮ್ಮು ಎಳೆಯುತ್ತಲೇ ಹೇಳಿದ: "ಸೀಳಿನಾಗ ಕಣ್ಣಿಗಿ ಒಂದೊಂದೇ ಚಿತ್ರ ಸಿಗ್ತದ. ಕಣ್ಣಿಗಿ ಸಿಕ್ಕಿದ್ದು ಲಗೂನೆ ಬಿಡಾಂಗಿಲ್ಲ. ಅದು ಬಿಡೂದ್ರಾಗೇ ಇನ್ನೊಂದು ಬರ್ತದ. ನಡುವ ಬಿಟ್ಟಿದ್ದು ನಾವೇ ತುಂಬ್ಕೋತೇವಿ." ನನಗೆ ಅರ್ಧ ತಿಳಿಯಿತು. ಇಡೀ ಮೈ ಮಾತ್ರ ಜುಮ್ಮೆಂದಿತು.

ಆ ವಾರವೇ ರಜಾಕಾರರು ಅಪ್ಪನನ್ನು ಹುಡುಕಿಕೊಂಡು ಬಂದರು. ಬಾಗಿಲು ಬಡಿದ ಸದ್ದಿಗೆ ಅಜ್ಜಿ ನಮ್ಮನ್ನು ಕಾಳಿನ ಕೋಣೆಗೆ ತಳ್ಳಿದಳು. ಅವರು ಒಳಗೆ ಬರಲಿಲ್ಲ. ಮಾಸ್ತರ ಚಾಚಾ ಬರಿಗಾಲಲ್ಲೇ ಓಡಿಬಂದು ನಮ್ಮ ಹೊಸ್ತಿಲಿಗೆ ಅಡ್ಡ ನಿಂತಿದ್ದರು. "ಈ ಮನ್ಯಾಗ ಹೆಣ್ಮಕ್ಕಳು, ಒಬ್ಬ ಬ್ಯಾರಾಮಿ ಹುಡುಗ ಬಿಟ್ರ ಯಾರೂ ಇಲ್ಲ. ಒಳಗ ಹೋಗೂದಿದ್ರ ನನ್ನ ದಾಟಿ ಹೋಗ್ರಿ" ಎಂದು ಅವರು ಉರ್ದುವಿನಲ್ಲಿ ಹೇಳಿದ್ದು ಕದದ ಸಂದಿಯಿಂದ ನನಗೆ ಕೇಳಿಸಿತು. ಬಂದವರಲ್ಲಿ ಒಬ್ಬಿಬ್ಬರು ಅವರ ಹತ್ತಿರವೇ ಕಲಿತವರು; ತಲೆ ತಗ್ಗಿಸಿ ಹೋದರು. ಆವತ್ತು ಊಟಕ್ಕೆ ಕೂತಾಗ ಅಜ್ಜಿ, "ಅಪ್ಪ ಸುಖ ಇರ್ಲಿ ಅಂತ ಬಸವಣ್ಣಗ ಕೈ ಮುಗಿ" ಎಂದು ಬಸುವಿಗೆ ಹೇಳಿದಳು. ಅವನು ಕೈ ಮುಗಿದು, "ಅಪ್ಪ ಅಂದ್ರ ಯಾರ?" ಎಂದು ಕೇಳಿದ. ಅವ್ವ ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿಯುತ್ತ ಇದ್ದವಳು ಕೈ ನಿಲ್ಲಿಸಿದಳು.

ಕಾಕಾ ಮರುದಿನವೇ ಹೊಸ ಪಟ್ಟಿ ಕತ್ತರಿಸಿದ. ಅಣ್ಣನನ್ನು ಕಲ್ಲಿನ ಮೇಲೆ ನಡೆಸುತ್ತೇನೆ ಎಂದ. ಮುಖ ಬರೆಯುವುದು ಅವನಿಗೆ ಕಷ್ಟವಾಗಲಿಲ್ಲ, ತೊಡಕಾದದ್ದು ನಡಿಗೆ. ಅಪ್ಪ ಉದ್ದುದ್ದ ಹೆಜ್ಜೆ ಹಾಕುತ್ತಿದ್ದ ಎಂದಳು ಅಜ್ಜಿ. ಅಲ್ಲ, ಗಿಡ್ಡ ಹೆಜ್ಜೆ ಆದರೆ ಜೋರು ಎಂದ ಕಾಕಾ. ಕೈ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಎಂದೆ ನಾನು. ಮೂರು ಪಟ್ಟಿ ಬರೆದು ಹರಿದ. ಕಲ್ಲಿನ ಮೇಲೆ ಯಾವನೋ ನಡೆಯುತ್ತಿದ್ದ, ಅಪ್ಪನಲ್ಲ. ಆಗ ಅವ್ವ ಒಲೆಯ ಮುಂದಿನಿಂದ ಎದ್ದಳು. ನಮ್ಮವ್ವ ಅತ್ತೆಯ ಎದುರು ತಲೆಯ ಸೆರಗು ಜಾರಿಸಿದವಳಲ್ಲ, ಗಂಡನ ಬಗ್ಗೆ ಒಂದು ಮಾತು ಆಡಿದವಳಲ್ಲ. ಅವಳು ಅಂಗಳಕ್ಕೆ ಇಳಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಒಂದು ಭುಜ ತುಸು ಇಳಿಸಿ, ಎಡಗೈಯಿಂದ ಕಾಣದ ಧೋತರದ ಚುಂಗು ಹಿಡಿದು, ಬಲಗಾಲನ್ನು ಒಂದಿಷ್ಟು ಹೊರಗೆ ಬೀಸುತ್ತ, ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಳು. ಅಪ್ಪ! ಅಪ್ಪನೇ! ಸಾಕ್ಷಾತ್ ಅಪ್ಪ ನಮ್ಮ ಅಂಗಳದಲ್ಲಿ ನಡೆದುಹೋದ. ಮೊದಲು ನಕ್ಕವಳು ಅಜ್ಜಿ. ನಕ್ಕು, ಕಣ್ಣು ಒರೆಸಿಕೊಂಡು, "ನಾ ಹೆತ್ತೀನಿ, ನೋಡಿದಾಕಿ ನೀ ನೋಡವ್ವ" ಎಂದಳು. ಅವ್ವ ನಾಚಿ ಒಳಗೆ ಓಡಬೇಕೆಂದರೆ ಕಾಕಾ ಬಿಡಬೇಕಲ್ಲ! "ವೈನಿ, ಇನ್ನೊಮ್ಮಿ! ಹಾಂ, ಅಲ್ಲೇ ನಿಂದರ್ರಿ, ಕಾಲ ಹಾಂಗೇ ಇರ್ಲಿ!" ಎಂದು ಒಂದೊಂದು ಹೆಜ್ಜೆಯನ್ನೂ ನಡುವೆ ನಿಲ್ಲಿಸಿ ಬರೆದ. ಗೋಡೆಯ ಬಾಗಿಲಲ್ಲಿ ನಿಂತ ಖಾಲಾ ಬಾಯಿಗೆ ದುಪ್ಪಟ್ಟ ಒತ್ತಿಕೊಂಡು ನಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಬೀಸುಕಲ್ಲಿನ ಮೇಲೆ ನಡೆದ. ಬಸು ಸೀಳಿಗೆ ಕಣ್ಣಿಟ್ಟು, ಒಳಕ್ಕೆ ಬೆರಳು ತೋರಿಸಿ, "ಅಪ್ಪ ಬರ್ಲತಾನ" ಎಂದ. ಅಂದಿನಿಂದ ದಿನವೂ ಮುಖ ತೊಳೆದ ಕೂಡಲೇ ಅವನಿಗೆ ಅಪ್ಪನನ್ನು ನಡೆಸಬೇಕು. ನನ್ನ ತೋಳು ಬಿದ್ದುಹೋಗುವಂತಾಗುತ್ತಿತ್ತು. ಆದರೂ ತಿರುಗಿಸುತ್ತಿದ್ದೆ, ಯಾಕೆಂದರೆ ಅವನು ಸರಿದ ಕೂಡಲೇ ಆ ಸೀಳು ನನ್ನದು.

ಭಾದ್ರಪದದಲ್ಲಿ ದೊಡ್ಡ ಸುದ್ದಿ ಹಬ್ಬಿತು: ಹಿಂದುಸ್ತಾನದ ಫೌಜು ಬರುತ್ತಿದೆ, ನಿಜಾಮನ ರಾಜ್ಯ ಮುಗಿಯಿತು. ಅದಕ್ಕೆ ಸ್ವಲ್ಪ ಮೊದಲು ಮಾಸ್ತರ ಚಾಚಾ, ಔರಾದದಲ್ಲಿ ಒಬ್ಬಳೇ ಇದ್ದ ಮುದಿ ತಾಯಿಯನ್ನು ಕರೆತರುತ್ತೇನೆಂದು ಹೊರಟಿದ್ದರು. ಎಂದಿನಂತೆ ಶೇರ್ವಾನಿ, ಕಂಕುಳಲ್ಲಿ ಕೊಡೆ. ಜನ ಪೊಲೀಸ್ ಆಕ್ಷನ್ ಎಂದು ಕರೆದ ಆ ದಿನಗಳಲ್ಲಿ ಭಾಲ್ಕಿಯ ಬೀದಿಯಲ್ಲಿ ಗುಲಾಲು ಹಾರಿತು, ಪೇಢೆ ಹಂಚಿದರು, ನಾನೂ ತಿಂದೆ. ಆಮೇಲೆ ಗುಲಾಲಿನ ಕೈಗಳೇ ಮುಸಲ್ಮಾನರ ಮನೆಗಳ ಬಾಗಿಲು ಬಡಿಯತೊಡಗಿದವು. ಅಜ್ಜಿ ಯಾರನ್ನೂ ಕೇಳಲಿಲ್ಲ. ಗಿಡ್ಡ ಬಾಗಿಲಿನಿಂದ ಖಾಲಾನನ್ನೂ ಮುನ್ನಿಯನ್ನೂ ಎಳೆದುಕೊಂಡು ಬಂದು ಕಾಳಿನ ಕೋಣೆಯಲ್ಲಿ ಕೂಡಿಸಿ, ಹೊರಗೆ ಬೀಸುಕಲ್ಲಿನ ಮುಂದೆ ತಾನು ಕೂತಳು. ಬೀದಿಯಿಂದ ಯಾರೋ ಬಂದು ಕೇಳಿದಾಗ, "ಒಳಗ ನನ್ನ ಮಗಳು, ಮೊಮ್ಮಗಳು ಅದಾರ. ಮತ್ಯಾರೂ ಇಲ್ಲ. ಹೋಗ್ರಿ" ಎಂದು ಬೀಸುವುದನ್ನು ಮುಂದುವರಿಸಿದಳು. ಊರು ತಣ್ಣಗಾಗುವವರೆಗೆ ನಾವು ಒಂದೇ ತಾಟಿನಲ್ಲಿ ಉಂಡೆವು.

ಅಪ್ಪ ಬಂದದ್ದು ಮಹಾನವಮಿಯ ಆಸುಪಾಸಿನಲ್ಲಿ. ಗಡ್ಡ ಬೆಳೆದು, ಕಪ್ಪಾಗಿ, ಅರ್ಧ ಇಳಿದುಹೋಗಿ ಬಾಗಿಲಲ್ಲಿ ನಿಂತಿದ್ದ. ಅಜ್ಜಿ ಅಪ್ಪಿಕೊಂಡಳು. ನಾನು ಕಾಲಿಗೆ ಜೋತುಬಿದ್ದೆ. ಬಸು ಹೆದರಿ ಅವ್ವನ ಹಿಂದೆ ಅಡಗಿದ, ಕರೆದರೆ ಅತ್ತ. ಅಪ್ಪನ ಮುಖ ಬಾಡಿತು. "ಇರ್ಲಿ ಬಿಡ್ರಿ" ಎಂದು, ಕಾಲು ತೊಳೆಯಲು ಧೋತರದ ಚುಂಗು ಹಿಡಿದು ಅಂಗಳದ ನೀರಿನ ಹೌದಿನ ಕಡೆ ಹೊರಟ. ನಾಲ್ಕು ಹೆಜ್ಜೆ ಹಾಕಿದ್ದನೋ ಇಲ್ಲವೋ, ಬಸು ಅವ್ವನ ಸೆರಗಿನಿಂದ ಹೊರಗೆ ಬಂದು, "ಕಲ್ಲಿನ ಅಪ್ಪ! ಕಲ್ಲಿನ ಅಪ್ಪ!" ಎಂದು ಚೀರುತ್ತ ಓಡಿದ. ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಅವ್ವ ಅಡುಗೆ ಮನೆ ಹೊಕ್ಕವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಚಾಚಾ ಮಾತ್ರ ಬರಲಿಲ್ಲ. ಅಪ್ಪ ದಣಿವಾರಿಸಿಕೊಳ್ಳದೆ ಔರಾದದ ದಾರಿ ಹಿಡಿದ. ಹಳ್ಳಿ ಹಳ್ಳಿಯಲ್ಲಿ ಕೇಳಿದ. ತಾಯಿಯ ಮನೆಗೆ ಅವರು ಮುಟ್ಟಿಯೇ ಇರಲಿಲ್ಲ. ಹಿಂದಿರುಗಿ ಬಂದು ಗಿಡ್ಡ ಬಾಗಿಲಲ್ಲಿ ಬಗ್ಗಿ ನಿಂತು, "ಸಿಗಲಿಲ್ಲ ಭಾಭಿ" ಎಂದ. ಅದಕ್ಕಿಂತ ಹೆಚ್ಚು ಅವನಿಗೆ ಏನು ತಿಳಿದಿತ್ತೋ, ಸಾಯುವವರೆಗೂ ನಮಗೆ ಹೇಳಲಿಲ್ಲ. ಖಾಲಾ ಹೈದರಾಬಾದದ ತನ್ನ ಅಣ್ಣನ ಮನೆಗೆ ಹೋಗುವುದೆಂದಾಯಿತು. ಹೊರಡುವ ಮುಂಚೆ ಒಂದು ಬೆಳಿಗ್ಗೆ ಅವಳು ಬಂದು ಕಾಕಾನ ಎದುರು ಕೂತಳು. ಅವನನ್ನು ಎತ್ತಿ ಆಡಿಸಿದವಳು ಅವಳು. ಅವನ ಮುಂದೆ ಅವಳಿಗೆ ಮರೆಯಿರಲಿಲ್ಲ. "ಶಿವಾ ಬೇಟಾ, ನಿಮ್ಮ ಚಾಚಾಗೂ ಒಂದ್ ದಫಾ ನಡಸ್ತೀ ಏನು?" ಎಂದಳು.

ಕಾಕಾ ಕೂಡಲೇ ಪಟ್ಟಿ ಕತ್ತರಿಸಿದ. ಮುಖ ಬರೆಯಲು ಹೋದಾಗ ಅವಳು ತಡೆದಳು. ದಿನವೂ ಸಾಲೆಗೆ ಹೊರಟ ಗಂಡನನ್ನು ಅವಳು ಬಾಗಿಲ ಪರದೆಯ ಹಿಂದೆ ನಿಂತು ಓಣಿ ತಿರುಗುವ ತನಕ ನೋಡುತ್ತಿದ್ದಳಂತೆ. "ಬರೂವಾಗ ನಾ ಒಳಗ ರೊಟ್ಟಿ ಮಾಡ್ಕೋತ ಇರ್ತಿದ್ದೆ. ನನಗ ಗೊತ್ತಿದ್ದದ್ದು ಅವರ ಬೆನ್ನಷ್ಟೇ" ಎಂದಳು. ಬೆನ್ನಿನ ನಡಿಗೆ ಬರೆಯುವುದು ಕಾಕಾನಿಗೂ ಹೊಸದು. ಹಿಮ್ಮಡಿ ಹೇಗೆ ಏಳುತ್ತದೆ, ಶೇರ್ವಾನಿಯ ಅಂಚು ಯಾವ ಕಡೆ ತೂಗುತ್ತದೆ, ಕೊಡೆ ಇದ್ದ ಕಡೆಯ ಭುಜ ಎಷ್ಟು ಮೇಲೆ. ಖಾಲಾ ಒಂದೊಂದನ್ನೂ ಹೇಳಿದಳು, ಅವ್ವ ಅಂಗಳದಲ್ಲಿ ನಮಗೆ ಬೆನ್ನು ಮಾಡಿ ನಡೆದು ತೋರಿಸಿದಳು. ಈ ಸಲ ಯಾರೂ ನಗಲಿಲ್ಲ. ಆದರೆ ಹೇಳುತ್ತೇನೆ, ಕಾಕಾನ ಕೈ ಆವತ್ತು ಓಡಿದ ಹಾಗೆ ಎಂದೂ ಓಡಲಿಲ್ಲ. ನಮಗೆಲ್ಲ ನಿಜವಾಗಿಯೂ ಯಾರೋ ಬರುವವರಿದ್ದಾರೆ ಎನ್ನಿಸುತ್ತಿತ್ತು. ನಾನು ಕಲ್ಲು ತಿರುಗಿಸಿದೆ. ಖಾಲಾ ನೆಲಕ್ಕೆ ಗಲ್ಲ ಹಚ್ಚಿದಳು. ಚಾಚಾ ಹೊರಟಿದ್ದರು. "ಓ" ಎಂದಳು, ಅಷ್ಟೇ. ನನ್ನ ತೋಳು ಸೋತು ಕಲ್ಲು ನಿಧಾನವಾದಾಗ, "ನಿಂದ್ರಸಬ್ಯಾಡ ಬೇಟಿ" ಎಂದಳು. ಅವ್ವ ಬಂದು ನನ್ನ ಕೈಯ ಮೇಲೆ ಕೈ ಇಟ್ಟು ಗೂಟ ಹಿಡಿದಳು. ಇಬ್ಬರೂ ಕೂಡಿ ತಿರುಗಿಸಿದೆವು. ಮುನ್ನಿಯೂ ನೋಡಿ, "ನಮ್ಮ ಅಬ್ಬಾ ಈ ಕಡಿ ಯಾವಾಗ ತಿರಗ್ತಾರ?" ಎಂದು ಕೇಳಿದಳು. ಕಾಕಾ ಆ ಪಟ್ಟಿಯನ್ನು ಬಳೆಯ ಸಮೇತ ಬಟ್ಟೆಯಲ್ಲಿ ಕಟ್ಟಿ ಖಾಲಾನ ಮಡಿಲಲ್ಲಿಟ್ಟ. "ಬೀಸೂಕಲ್ಲು ಎಲ್ಲಾರ ಮನ್ಯಾಗೂ ಇರ್ತದ ಖಾಲಾ" ಎಂದ.

ಅವನು ಮತ್ತೊಂದು ಬಳೆ ಮಾಡಲಿಲ್ಲ. ಸಾಲೆ ತೆರೆದವು, ನಾನು ಕನ್ನಡ ಅಕ್ಷರಕ್ಕೆ ಕೂತೆ. ಕಾಕಾ ಬೀದರದಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಕೆಲವು ವರ್ಷ ಇದ್ದು, ಒಂದು ಚಳಿಗಾಲ ಆ ದಮ್ಮಿಗೇ ಹೋದ. ಅಜ್ಜಿ ಹೋದಳು, ಅಪ್ಪ ಹೋದ, ಅವ್ವ ಹೋದಳು. ಎರಡೂ ಮನೆಗಳ ಜಾಗದಲ್ಲಿ ಈಗ ಒಂದೇ ದೊಡ್ಡ ಅಂಗಡಿ. ಬಸುವಿಗೆ ಇದೊಂದೂ ನೆನಪಿಲ್ಲ. ನಾನು ಹೇಳಿದರೆ ಕತೆ ಕೇಳಿದಂತೆ ಕೇಳುತ್ತಾನೆ. ಹೈದರಾಬಾದಿಗೆ ಹೋದಾಗಲೆಲ್ಲ ಖಾಲಾನ ಮನೆ ಹುಡುಕಿದ್ದೇನೆ. ಅಪ್ಪ ಹೇಳಿದ ಓಣಿ ಸಿಕ್ಕಿತು, ಆ ಹೆಸರಿನವರು ಸಿಗಲಿಲ್ಲ.

ಅವರು ಹೊರಟ ದಿನ ನಾವೆಲ್ಲ ಭಾಲ್ಕಿ ಟೇಸನ್ನಿಗೆ ಹೋಗಿದ್ದೆವು. ಖಾಲಾ ಬುರಖಾದೊಳಗೆ ಕಾಕಾ ಕಟ್ಟಿಕೊಟ್ಟ ಗಂಟು ಅಪ್ಪಿಕೊಂಡು ಒಳಬದಿಗೆ ಕೂತಳು. ಮುನ್ನಿಗೆ ರೈಲು ಅದೇ ಮೊದಲು. ಕಿಟಕಿಯ ಸರಳು ಹಿಡಿದು, ಅಳುವುದನ್ನೂ ಮರೆತು, ಕಣ್ಣರಳಿಸಿ ಕೂತಿದ್ದಳು. ಅಜ್ಜಿ ಸರಳಿನ ನಡುವೆ ಕೈ ತೂರಿಸಿ ಅವಳ ಗಲ್ಲ ಸವರಿದಳು. ಸೀಟಿಯಾಯಿತು. ಗಾಡಿ ಹೊರಟದ್ದು ಎಷ್ಟು ಮೆತ್ತಗೆಂದರೆ ಮುನ್ನಿಗೆ ತಿಳಿಯಲೇ ಇಲ್ಲ. ಅವಳಿಗೆ ಕಂಡದ್ದು ನಾವು: ಅಜ್ಜಿ, ಅವ್ವ, ಅಪ್ಪನ ಹೆಗಲ ಮೇಲಿನ ಬಸು, ಕಾಕಾ, ನಾನು, ಎಲ್ಲರೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತಿದ್ದೆವು.

"ಏ, ನೀವ್ ಎಲ್ಲಿ ಹೊಂಟೀರಿ?" ಎಂದು ಅವಳು ಗಾಬರಿಯಿಂದ ಕೂಗಿದಳು. "ನಿಂದರ್ರಿ! ಹೋಗಬ್ಯಾಡ್ರಿ!"

ನಾವು ನಿಂತಲ್ಲೇ ನಿಂತಿದ್ದೆವು.